ಅರ್ಜುನನಿಗೆ ಅಂಟಿದ ಹೆಸರು

ಸರಗೂರಿನಿಂದ ಹ್ಯಾಂಡ್‌ಪೋಸ್ಟಿಗೆ ಬಂದು, ಅಂತರಸಂತೆ ದಾಟಿ ಮಾನಂದವಾಡಿ ರಸ್ತೆ ಹಿಡಿದರೆ ಕಾಡಿನೊಳಗೆ ಬಳ್ಳೆ ಸಿಗುತ್ತದೆ. ಅಲ್ಲೊಂದು ಆನೆ ಶಿಬಿರ. ಶಿಬಿರದ ಆನೆಗಳ ಕಾಲಿಗೆ ಉದ್ದನೆಯ ಸರಪಳಿ ಕಟ್ಟಿ ರಾತ್ರಿ ಮೇಯಲು ಬಿಡುತ್ತಾರೆ. ಬೆಳಗಾದರೆ ಮಾವುತನ ಸಹಾಯಕನಾದ ಕಾವಾಡಿ ಆ ಸರಪಳಿ ಮಣ್ಣಿನಲ್ಲಿ ಎಳೆದ ಗೆರೆ ಹಿಡಿದು ಹುಡುಕಿಕೊಂಡು ಹೋಗಬೇಕು. ಶಾಲೆಗೆ ಹೊರಟಾಗ ನೀವು ಗೆಳೆಯನ ಮನೆ ಮುಂದೆ ನಿಂತು ಕೂಗುತ್ತೀರಲ್ಲ, ಹೆಚ್ಚುಕಡಿಮೆ ಹಾಗೇ. ಇಲ್ಲಿ ಗೆಳೆಯನ ತೂಕ ಮಾತ್ರ ಐದು ಟನ್ನಿಗೂ ಮೇಲೆ. ದಾರಿಯಲ್ಲಿ ಹುಲಿಯೂ ಇದ್ದೀತು.

ಈ ಬಳ್ಳೆಯ ಆನೆಗಳಲ್ಲಿ ಅರ್ಜುನ ಒಬ್ಬನಾಗಿದ್ದ. 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸಿಕ್ಕಿದವನು. ತಮಟೆ, ಗದ್ದಲದಿಂದ ಹಿಂಡನ್ನೇ ಬೆದರಿಸಿ ದೊಡ್ಡಿಗೆ ನೂಕುವುದು ಖೆಡ್ಡಾ. ಅಂದರೆ ಹಿಡಿದವರೂ ಮನುಷ್ಯರೇ, ಆಮೇಲೆ ಗೆಳೆಯರಾದವರೂ ಮನುಷ್ಯರೇ. ಅರ್ಜುನ ಈ ಗೆಳೆತನವನ್ನು ಕೇಳಿ ಪಡೆದದ್ದಲ್ಲ. ಅದನ್ನು ಮರೆತು ಈ ಕತೆ ಹೇಳಲು ನನಗೆ ಮನಸ್ಸಾಗುವುದಿಲ್ಲ.

1996ರಲ್ಲಿ ಮೈಸೂರಿನ ಕಾರಂಜಿ ಕೆರೆಗೆ ಸ್ನಾನಕ್ಕೆ ಕರೆದೊಯ್ದಿದ್ದಾಗ ಇನ್ನೊಂದು ಆನೆಯ ಮಾವುತರೊಬ್ಬರು ಅರ್ಜುನನ ಕಾಲಿಗೆ ಸಿಕ್ಕಿ ತೀರಿಕೊಂಡರು. ಅಲ್ಲಿಂದ ಅವನಿಗೆ ‘ಕೊಲೆಗಡುಕ’ ಎಂಬ ಹೆಸರು ಅಂಟಿತು, ಮೈಸೂರು ದಸರಾ ಮೆರವಣಿಗೆಯಿಂದ ದೂರ ಇಟ್ಟರು. ತರಗತಿಯಲ್ಲಿ ಒಮ್ಮೆ ಅಡ್ಡಹೆಸರು ಬಿದ್ದರೆ ಹೋಗುವುದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತು. ಹಾಗೆ ಹೆಸರು ಕೆಟ್ಟವನ ಜೊತೆ ಓಡಾಡಿದವನಿಗೂ ಚುಚ್ಚುಮಾತು ತಪ್ಪಿದ್ದಲ್ಲ.

ಆದರೆ ಆನೆಯ ಕತ್ತಿನ ಮೇಲೆ ಕೂರುವವನು ಪತ್ರಿಕೆ ನೋಡಿ ಕೂರುವುದಿಲ್ಲ. ಕಿವಿ ಹೇಗೆ ಬಡಿಯುತ್ತದೆ, ಮದ ಯಾವಾಗ ಇಳಿಯುತ್ತದೆ, ಯಾವ ಸದ್ದಿಗೆ ಬೆಚ್ಚುತ್ತಾನೆ, ಇಷ್ಟನ್ನೂ ದಿನಾ ಮೈಯುಜ್ಜಿ, ಕೈಯಾರೆ ತಿನ್ನಿಸಿ ತಿಳಿದುಕೊಂಡಿರುತ್ತಾನೆ. ಅರ್ಜುನ ಮೊದಲು ಬಾವುಟ ಹೊತ್ತು ಮುಂದೆ ನಡೆಯುವ ನಿಶಾನೆ ಆನೆಯಾಗಿ ಮೆರವಣಿಗೆಗೆ ಮರಳಿದ. 2012ರಲ್ಲಿ, ಅಲ್ಲಿಯವರೆಗೆ ಅಂಬಾರಿ ಹೊರುತ್ತಿದ್ದ ಆನೆ ಬಲರಾಮನ ಸರದಿ ಮುಗಿದಾಗ, 750 ಕೆಜಿಯ ಚಿನ್ನದ ಅಂಬಾರಿ ಅವನ ಬೆನ್ನೇರಿತು. ಕತ್ತಿನ ಮೇಲೆ ಮಾವುತ ದೊಡ್ಡಮಾಸ್ತಿ. ಲಕ್ಷಾಂತರ ಜನರ ಕೂಗಿನ ನಡುವೆ ‘ಕೊಲೆಗಡುಕ’ ತಲೆ ಅಲುಗಿಸದೆ ನಡೆದ. 2019ರವರೆಗೆ ಎಂಟು ಸಲ ಅಂಬಾರಿ ಹೊತ್ತ. ದೊಡ್ಡಮಾಸ್ತಿ ಅಷ್ಟು ದಿನ ಇರಲಿಲ್ಲ. ಅವರು ತೀರಿಕೊಂಡ ಮೇಲೂ ಅರ್ಜುನ ಹೊಸ ಕೈಗಳಿಗೆ ಹೊಂದಿಕೊಂಡ. ಕೊನೆಗೆ ಬಂದವರು ವಿನು.

ದಸರಾ ಬಂತೆಂದರೆ ಮಾವುತರ, ಕಾವಾಡಿಗಳ ಸಂಸಾರಗಳೂ ಅರಮನೆ ಆವರಣಕ್ಕೆ ಬರುತ್ತವೆ. ಮಕ್ಕಳಿಗೆ ಅಲ್ಲೇ ಟೆಂಟ್ ಶಾಲೆ. ಪೇಟೆಯ ಮಕ್ಕಳು ಬೇಲಿಯಾಚೆ ನಿಂತು ಸೆಲ್ಫಿಗೆ ಕಾದರೆ, ಇವರು ಆನೆಯ ಕಾಲಬುಡದಲ್ಲೇ ಆಡಿಕೊಂಡಿರುತ್ತಾರೆ.

2023ರ ಡಿಸೆಂಬರ್ 4. ಸಕಲೇಶಪುರದ ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆ. ಸಲಗ ನುಗ್ಗಿದಾಗ ಜೊತೆಯ ಸಾಕಾನೆಗಳು ಹಿಂದೆ ಸರಿದವು, ಅರ್ಜುನ ಸರಿಯಲಿಲ್ಲ ಎಂದು ಆಗ ವರದಿಯಾಗಿತ್ತು. ಆ ಕಾಳಗದಲ್ಲೇ ಅವನು ಸತ್ತ. ಅರವತ್ತು ದಾಟಿದವನನ್ನು ಅಲ್ಲಿಗೆ ಕರೆದೊಯ್ದದ್ದು ಸರಿಯೇ ಎಂದು ಜನ ಸಿಟ್ಟಾದರು. ಸಿಟ್ಟಿಗೆ ಕಾರಣವೂ ಇತ್ತು. ಬಳ್ಳೆಯಿರುವ ಎಚ್.ಡಿ. ಕೋಟೆಯ ಕಡೆಯವರಿಗೆ ಅವನನ್ನು ಬಳ್ಳೆಯ ಮಣ್ಣಿಗೇ ತರಬೇಕೆಂಬ ಆಸೆಯಿತ್ತು. ಆಗಲಿಲ್ಲ. ದಬ್ಬಳ್ಳಿಕಟ್ಟೆಯ ಬಳಿ, ಬಿದ್ದ ಜಾಗದ ಹತ್ತಿರವೇ, ಸರ್ಕಾರಿ ಗೌರವ ಸಲ್ಲಿಸಿ ಹೂಳಿದರು. ಪೊಲೀಸರು, ಅಧಿಕಾರಿಗಳು, ಕ್ಯಾಮೆರಾಗಳು ಸುತ್ತ ಇದ್ದಂತೆಯೇ ವಿನು ಅವನ ಮೇಲೆ ಬಿದ್ದು ಅತ್ತರು. ಎಬ್ಬಿಸಲು ಬಂದವರ ಕೈಗೆ ಅವರು ಸುಲಭಕ್ಕೆ ಸಿಗಲಿಲ್ಲ.