‘ಸಾಕು’ ಎನ್ನುವ ಹಕ್ಕು ಇಬ್ಬರಿಗೂ ಇರಲಿ

ಮೊನ್ನೆ ಮಧ್ಯಾಹ್ನ ಗೆಳತಿ ಮನೆಗೆ ಬಂದಿದ್ದಳು. ಕಾಫಿ ಲೋಟ ಕೈಯಲ್ಲೇ ತಣ್ಣಗಾದರೂ ಮಾತು ಹೊರಡಲಿಲ್ಲ. ಕೊನೆಗೆ ಬಾಗಿಲ ಕಡೆ ಒಮ್ಮೆ ನೋಡಿ ಮೆಲ್ಲಗೆ ಹೇಳಿದಳು: “ನಮ್ಮನೆಯವ್ರು ‘ಫಿಫ್ಟಿ ಶೇಡ್ಸ್ ಆಫ್ ಗ್ರೇ’ ಸಿನಿಮಾ ನೋಡಿದಾರೆ ಕಣೇ. ಕಣ್ಣಿಗೆ ಬಟ್ಟೆ ಕಟ್ಟೋದು, ಕೈ ಕಟ್ಟೋದು... ಟ್ರೈ ಮಾಡೋಣ್ವಾ ಅಂತಾರೆ. ನಂಗೂ ಪೂರ್ತಿ ಬೇಡ ಅಂತೇನಿಲ್ಲ. ಆದ್ರೆ ಮಧ್ಯದಲ್ಲಿ ಬೇಡ ಅನ್ನಿಸಿಬಿಟ್ರೆ ಏನ್ ಮಾಡ್ಲಿ?”

ಮದುವೆಯಾಗಿ ಹನ್ನೆರಡು ವರ್ಷವಾದವಳು, ಇಬ್ಬರು ಮಕ್ಕಳ ತಾಯಿ. ಅವಳ ಮಾತಿಗೆ ನನಗೆ ನಗು ಬರಲಿಲ್ಲ. ಈ ವಿಷಯದಲ್ಲಿ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯನ್ನೇ ಅವಳು ಕೇಳಿದ್ದಳು.

ಏನಿದು?

ಇಂಥದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಬಿಡಿಎಸ್ಎಂ ಎಂಬ ಹೆಸರಿದೆ. ಕಟ್ಟುವುದು, ಶಿಸ್ತಿನ ಆಟ, ಒಬ್ಬರು ಅಪ್ಪಣೆ ಕೊಟ್ಟು ಇನ್ನೊಬ್ಬರು ಪಾಲಿಸುವುದು, ಸ್ವಲ್ಪ ನೋವಿನಲ್ಲೂ ಸುಖ ಕಾಣುವುದು ಎಲ್ಲವೂ ಅದರೊಳಗೆ ಬರುತ್ತದೆ. ‘ಕಿಂಕ್’ ಎಂದರೆ ಇನ್ನೂ ವಿಶಾಲ. ರೂಢಿಗಿಂತ ಬೇರೆಯಾದ ಯಾವುದೇ ಆಸೆಗೂ ಆ ಪದ ಬಳಸುತ್ತಾರೆ.

“ಇದೇನು ಕಾಯಿಲೆನಾ?” ಎಂದು ಅನೇಕರು ಹೆದರುತ್ತಾರೆ. ಇಬ್ಬರು ವಯಸ್ಕರು ಮನಸಾರೆ ಒಪ್ಪಿ ಮಾಡುವುದಾದರೆ ಅಲ್ಲ. ಇಂಥ ಆಸೆ ಇದೆ ಎಂಬುದಷ್ಟೇ ಮಾನಸಿಕ ಕಾಯಿಲೆಯಾಗದು ಎಂದು ಅಮೆರಿಕದ ಮನೋವೈದ್ಯರ ಸಂಘ 2013ರ ತನ್ನ ಕೈಪಿಡಿಯಲ್ಲಿ ಸ್ಪಷ್ಟಪಡಿಸಿತು. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲೂ ಪರಸ್ಪರ ಒಪ್ಪಿಗೆಯ ಇಂಥ ಆಟಗಳಿಗೆ ಜಾಗವಿಲ್ಲ.

ಹಾಗಂತ ಇದು ಇವತ್ತಿನ ಫ್ಯಾಷನ್ನೂ ಅಲ್ಲ. ವಾತ್ಸ್ಯಾಯನನ ಕಾಮಸೂತ್ರದಲ್ಲಿ ಉಗುರಿನ ಗುರುತು, ಹಲ್ಲಿನ ಗುರುತು, ಹೊಡೆತಗಳಿಗೆಂದೇ ಪ್ರಕರಣಗಳಿವೆ. ಆದರೆ ಅವನೇ ಎಚ್ಚರಿಕೆಯನ್ನೂ ಕೊಡುತ್ತಾನೆ. ಕುಂತಲದ ರಾಜ ಶಾತಕರ್ಣಿಯ ಇಂಥದೊಂದು ಹೊಡೆತಕ್ಕೆ ರಾಣಿ ಮಲಯವತಿ ಪ್ರಾಣ ಬಿಟ್ಟಳಂತೆ. ಕುಂತಲ ಎಂದರೆ ನಮ್ಮ ಕರ್ನಾಟಕದ ಉತ್ತರ ಭಾಗವೂ ಸೇರಿದ್ದ ನಾಡು! ಎಲ್ಲ ಕ್ರಿಯೆಗಳೂ ಎಲ್ಲ ಹೆಂಗಸರಿಗೂ, ಎಲ್ಲ ಹೊತ್ತಿಗೂ ಅಲ್ಲ ಎಂದು ಅವನು ಅಂದೇ ಬರೆದಿಟ್ಟಿದ್ದಾನೆ.

ಮಾತು ಹಗಲಲ್ಲಿ ಆಗಲಿ

ಈ ಮಾತುಕತೆಗೆ ಮಲಗುವ ಕೋಣೆ ಸರಿಯಾದ ಜಾಗವಲ್ಲ. ಆ ಹೊತ್ತಿನಲ್ಲಿ ‘ಇಲ್ಲ’ ಎನ್ನುವುದು ಕಷ್ಟ. ಮಕ್ಕಳು ಸ್ಕೂಲಿಗೆ ಹೋದ ಮೇಲೋ, ಸಂಜೆ ವಾಕಿಂಗ್‌ನಲ್ಲೋ ಮಾತಾಡಿ. ಯಾವುದು ಸರಿ, ಯಾವುದು ನೋಡೋಣ, ಯಾವುದು ಖಂಡಿತಾ ಬೇಡ ಎಂದು ಇಬ್ಬರೂ ಬೇರೆ ಬೇರೆ ಚೀಟಿಯಲ್ಲಿ ಬರೆದು ಬದಲಾಯಿಸಿಕೊಳ್ಳಿ. ಎರಡರಲ್ಲೂ ‘ಸರಿ’ ಎಂದಿದ್ದರೆ ಮಾತ್ರ ಮುಂದಿನ ಮಾತು. ಫೋಟೊ, ವಿಡಿಯೊ ಮಾತ್ರ ‘ಬೇಡ’ದ ಪಟ್ಟಿಯಲ್ಲೇ ಇರಲಿ.

ಒಂದು ಗುಟ್ಟಿನ ಪದ

ಇಂಥ ಆಟದಲ್ಲಿ “ಅಯ್ಯೋ, ಬಿಡಿ” ಎನ್ನುವುದು ಕೆಲವೊಮ್ಮೆ ಹುಸಿಮುನಿಸೂ ಆಗಬಹುದು. ಅದಕ್ಕೇ ಆ ಹೊತ್ತಿಗೆ ಸಂಬಂಧವೇ ಇಲ್ಲದ ಒಂದು ಪದವನ್ನು ಮೊದಲೇ ಗೊತ್ತು ಮಾಡಿಕೊಳ್ಳಬೇಕು. ‘ಹಾಗಲಕಾಯಿ’ ಅಂತಲೇ ಇಟ್ಟುಕೊಳ್ಳಿ! ಆ ಪದ ಕಿವಿಗೆ ಬಿದ್ದ ತಕ್ಷಣ ಎಲ್ಲವೂ ನಿಲ್ಲಬೇಕು. ಯಾಕೆ ಎಂಬ ಪ್ರಶ್ನೆ, ಮುನಿಸು ಎರಡೂ ಕೂಡದು. ಕೆಲವರು ಸಿಗ್ನಲ್ ದೀಪದ ಲೆಕ್ಕ ಇಟ್ಟುಕೊಳ್ಳುತ್ತಾರೆ: ‘ಹಳದಿ’ ಎಂದರೆ ನಿಧಾನ, ‘ಕೆಂಪು’ ಎಂದರೆ ನಿಲ್ಲಿಸು. ಮಾತು ಹೊರಡದಿದ್ದರೆ? ಕೈಯಲ್ಲೊಂದು ಬೀಗದ ಕೈ ಗೊಂಚಲು ಹಿಡಿದಿರಿ. ಅದು ಕೆಳಗೆ ಬಿದ್ದರೆ ‘ಸಾಕು’ ಎಂದೇ ಅರ್ಥ.

ಮೊದಲೇ ಒಪ್ಪಿದ್ದೆಯಲ್ಲ ಎನ್ನುವ ವಾದ ಇಲ್ಲಿ ನಡೆಯುವುದಿಲ್ಲ. ಕಳೆದ ವಾರ ಒಪ್ಪಿದ್ದು ಇವತ್ತು ಬೇಡ ಅನ್ನಿಸಬಹುದು.

ನೆನಪಿರಲಿ

* ಕುತ್ತಿಗೆಗೆ ಏನನ್ನೂ ಕಟ್ಟಬೇಡಿ, ಕುತ್ತಿಗೆ ಒತ್ತಲೂಬೇಡಿ. ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪಬಹುದು, ಜೀವವೇ ಹೋಗಬಹುದು. ಇದಕ್ಕೆ ಸುರಕ್ಷಿತ ವಿಧಾನ ಎಂಬುದೇ ಇಲ್ಲ.
* ನೈಲಾನ್ ಹಗ್ಗ ಚರ್ಮ ತರಚುತ್ತದೆ, ರೇಷ್ಮೆ ಬಟ್ಟೆಯ ಗಂಟು ಎಳೆದಷ್ಟೂ ಬಿಗಿಯಾಗುತ್ತದೆ. ಮೆತ್ತನೆಯ ಅಗಲ ಕಾಟನ್ ಬಟ್ಟೆ ವಾಸಿ. ಒಳಗೆ ಎರಡು ಬೆರಳು ತೂರುವಷ್ಟು ಸಡಿಲವಿರಲಿ.
* ಕೈ ಜೋಮು ಹಿಡಿದರೆ, ತಣ್ಣಗಾದರೆ ಕೂಡಲೇ ಬಿಚ್ಚಿ. ಕತ್ತರಿ ಪಕ್ಕದಲ್ಲೇ ಇರಲಿ. ಕಟ್ಟಿದವರನ್ನು ಒಂಟಿಯಾಗಿ ಬಿಟ್ಟು ಹೋಗಲೇಬೇಡಿ.
* ಕುಡಿದಿದ್ದಾಗ ಬೇಡ, ಜಗಳವಾದ ದಿನವೂ ಬೇಡ.
* ಆಟ ಮುಗಿದ ಮೇಲೆ ಎದ್ದು ಹೋಗಿಬಿಡಬೇಡಿ. ನೀರು, ಹೊದಿಕೆ, ಹತ್ತಿರ ಕುಳಿತು ನಾಲ್ಕು ಮಾತು ಇಬ್ಬರಿಗೂ ಬೇಕು.

ಬೇಡ ಎಂದರೂ ಕೇಳದಿದ್ದರೆ?

ಆ ಸಿನಿಮಾವನ್ನೇ ಪಾಠದ ಪುಸ್ತಕ ಮಾಡಿಕೊಳ್ಳಬೇಡಿ. ಅದರ ನಾಯಕ ಹುಡುಗಿಯ ಫೋನಿನ ಜಾಡು ಹಿಡಿದು ಅವಳಿದ್ದಲ್ಲಿಗೆ ಬರುತ್ತಾನೆ. ಅದು ಪ್ರೀತಿಯಲ್ಲ, ಕಾವಲು. ಗುಟ್ಟಿನ ಪದ ಹೇಳಿದರೂ ನಿಲ್ಲಿಸದಿದ್ದರೆ, “ಒಪ್ಪದಿದ್ದರೆ ಬೇರೆ ಕಡೆ ಹೋಗ್ತೀನಿ” ಎಂದು ಹೆದರಿಸಿದರೆ, ಸಿಟ್ಟು ತೀರಿಸಿಕೊಳ್ಳಲು ಹೊಡೆದರೆ ಅದು ಆಟವಲ್ಲ, ದೌರ್ಜನ್ಯ. ತಾಳಿ ಕಟ್ಟಿದ ಮಾತ್ರಕ್ಕೆ ಅದು ಸರಿಯಾಗುವುದಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಹೆಂಡತಿಯ ಘನತೆಗೆ ಕುಂದು ತರುವ ಲೈಂಗಿಕ ವರ್ತನೆಯೂ ದೌರ್ಜನ್ಯವೇ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಲು ಸಂಕೋಚ ಬೇಡ.

ಇನ್ನೊಂದು ಮಾತು. ನಿಮಗೆ ಇದ್ಯಾವುದೂ ಇಷ್ಟವಿಲ್ಲವೇ? ಇಲ್ಲ ಎನ್ನಿ, ಅಷ್ಟೇ. ಕಾರಣ ಕೊಡಬೇಕಿಲ್ಲ, ಹಳೇ ಕಾಲದವಳು ಎಂಬ ಮಾತಿಗೆ ಕುಗ್ಗಲೂಬೇಕಿಲ್ಲ.

ವಾರ ಕಳೆದು ಗೆಳತಿ ಫೋನ್ ಮಾಡಿದಳು. “ಕಣ್ಣಿಗೆ ಬಟ್ಟೆ ಓಕೆ, ಕೈ ಕಟ್ಟೋದು ಸದ್ಯಕ್ಕೆ ಬೇಡ ಅಂದೆ. ಎರಡು ನಿಮಿಷ ಸುಮ್ಮನಿದ್ದು, ಸರಿ ಅಂದ್ರು ಕಣೇ” ಎಂದಳು. ಅವಳ ದನಿ ಹಗುರಾಗಿತ್ತು. ಏನೇನು ಆಟ ಆಡಿದರು ಎಂದು ನಾನು ಕೇಳಲಿಲ್ಲ. ಆ ‘ಸರಿ’ ಸಾಕಿತ್ತು.