ಕಂಪ್ಯೂಟರಿನೊಳಗಿನ ಹಾಕಿ ಲೀಗ್: ಆಟಗಾರನ ಜಾಡು ಹಿಡಿಯುವುದು ಹೇಗೆ?

ಬಫಲೊ ನಗರದ ಐಸ್ ಹಾಕಿ ತಂಡ ಯಾವುದೆಂದು ಅಮೆರಿಕದಲ್ಲಿ ಕೇಳಿದರೆ ಸೇಬರ್ಸ್ ಎನ್ನುತ್ತಾರೆ. ಅದು ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ ತಂಡ. ಟಿಕೆಟ್ ಕೊಂಡರೆ ಕಣ್ಣಾರೆ ನೋಡಬಹುದು. ಅದೇ ಊರಿನ ಹೆಸರಿನಲ್ಲಿ ಸ್ಟಾಂಪೀಡ್ ಎಂಬ ಇನ್ನೊಂದು ತಂಡವೂ ಇದೆ. ಅದಕ್ಕೂ ಜನರಲ್ ಮ್ಯಾನೇಜರ್ ಇದ್ದಾರೆ, ಆಟಗಾರರ ಸಂಬಳಕ್ಕೆ ಮಿತಿಯಿದೆ, ಸೋಲು ಗೆಲುವಿನ ಲೆಕ್ಕವಿದೆ, ಸೋತಾಗ ಮನಸ್ಸು ಕೆಡಿಸಿಕೊಳ್ಳುವ ಅಭಿಮಾನಿಗಳಿದ್ದಾರೆ. ಆಟಗಾರರು ಮಾತ್ರ ಭೂಮಿಯ ಮೇಲಿಲ್ಲ. ಅವರೆಲ್ಲ ಒಂದು ಕಂಪ್ಯೂಟರ್ ಫೈಲಿನೊಳಗೆ ಅಂಕಿಗಳಾಗಿ ಬದುಕುತ್ತಾರೆ.

ಸ್ಟಾಂಪೀಡ್ ಆಡುವುದು ಸಿಮ್ಯುಲೇಶನ್ ಹಾಕಿ ಲೀಗ್‌ನಲ್ಲಿ, ಅಂದರೆ ಎಸ್‌ಎಚ್‌ಎಲ್‌ನಲ್ಲಿ. ಎಡ್ಮಂಟನ್ ಬ್ಲಿಝರ್ಡ್, ಕ್ಯಾಲ್ಗರಿ ಡ್ರಾಗನ್ಸ್ ಇಲ್ಲಿನ ಬೇರೆ ಕೆಲವು ತಂಡಗಳು. ಕೆನಡಾದ ಉಕ್ಕಿನ ಊರು ಹ್ಯಾಮಿಲ್ಟನ್‌ನ ಕಥೆ ನನಗೆ ಬಹಳ ಇಷ್ಟ. ಅಲ್ಲಿನ ಟೈಗರ್ಸ್ ತಂಡ 1925ರಲ್ಲಿ ಕೊನೆಯಾದ ಮೇಲೆ ಆ ಊರಿಗೆ ಮತ್ತೆ ಎನ್‌ಎಚ್‌ಎಲ್ ತಂಡವೇ ಬರಲಿಲ್ಲ. ಎಸ್‌ಎಚ್‌ಎಲ್‌ನಲ್ಲಿ ಮಾತ್ರ ಹ್ಯಾಮಿಲ್ಟನ್ ಸ್ಟೀಲ್‌ಹಾಕ್ಸ್ ಇದೆ. ಲೀಗ್ ಗೆದ್ದವರಿಗೆ ಸಿಗುವುದು ಚಾಲೆಂಜ್ ಕಪ್. ಇದೇ ಬಗೆಯ ಇನ್ನೊಂದು ಲೀಗ್ ವಿಕ್ಟರಿ ಹಾಕಿ ಲೀಗ್. ಅದರಲ್ಲಿ ಹೆಲ್ಸಿಂಕಿ, ರೀಗಾದಂಥ ಯುರೋಪಿನ ಊರುಗಳೂ ಸೇರಿವೆ. ಅದರ ಕಪ್ಪಿಗೆ ಕಾಂಟಿನೆಂಟಲ್ ಕಪ್ ಎಂದು ಹೆಸರು.

ನಮ್ಮಲ್ಲಿ ಬಹಳ ಜನ ಇದನ್ನು ಫ್ಯಾಂಟಸಿ ಕ್ರಿಕೆಟ್ ಅಂದುಕೊಳ್ಳುತ್ತಾರೆ. ಎರಡಕ್ಕೂ ಸಂಬಂಧವಿಲ್ಲ. ಫ್ಯಾಂಟಸಿಯಲ್ಲಿ ನಿಜವಾದ ಆಟಗಾರ ನಿಜವಾದ ಮೈದಾನದಲ್ಲಿ ಆಡಿದ್ದಕ್ಕೆ ನಿಮಗೆ ಅಂಕ ಸಿಗುತ್ತದೆ. ಇಲ್ಲಿ ಆಟಗಾರನೂ ಕಲ್ಪಿತ, ಪಂದ್ಯವೂ ಕಲ್ಪಿತ. ಬೆರಳಲ್ಲಿ ಗುಂಡಿ ಒತ್ತಿ ಆಡುವ ವಿಡಿಯೊ ಗೇಮ್ ಕೂಡ ಇದಲ್ಲ. ಪಂದ್ಯ ಶುರುವಾದ ಮೇಲೆ ಯಾರೂ ಕೈ ಹಾಕುವಂತಿಲ್ಲ. ಮನುಷ್ಯರು ಮಾಡುವ ಕೆಲಸವೆಲ್ಲ ಅದಕ್ಕೆ ಮೊದಲೇ ಮುಗಿದಿರುತ್ತದೆ.

ಹಾಕಿ ಎಂದರೆ ಕೊಡಗಿನ ಕೌಟುಂಬಿಕ ಹಾಕಿ ಉತ್ಸವ ಕಣ್ಣ ಮುಂದೆ ಬರುವವರಿಗೆ ಐಸ್ ಹಾಕಿಯ ಬಗ್ಗೆ ಎರಡು ಮಾತು. ಹನ್ನೊಂದು ಜನರ ಬದಲು ಇಲ್ಲಿ ಒಂದು ಕಡೆಗೆ ಆರು ಜನ: ಗೋಲು ಕಾಯುವ ಗೋಲಿ, ಇಬ್ಬರು ಡಿಫೆನ್ಸ್‌ನವರು, ನಡುವೆ ಸೆಂಟರ್, ಎಡಬಲಕ್ಕೆ ವಿಂಗರ್‌ಗಳು. ಇಪ್ಪತ್ತು ನಿಮಿಷದ ಮೂರು ಅವಧಿ. ಆಟಗಾರರು ಮುಕ್ಕಾಲು ನಿಮಿಷದಷ್ಟು ಹೊತ್ತು ಜೀವ ಬಿಟ್ಟು ಆಡಿ ಬೆಂಚಿಗೆ ಮರಳುತ್ತಾರೆ, ಮುಂದಿನ ಗುಂಪು ಇಳಿಯುತ್ತದೆ. ಈ ಗುಂಪಿಗೆ ಲೈನ್ ಎನ್ನುತ್ತಾರೆ. ಸಾಮಾನ್ಯವಾಗಿ ಫಾರ್ವರ್ಡ್‌ಗಳದ್ದು ನಾಲ್ಕು ಲೈನ್, ಡಿಫೆನ್ಸ್‌ನವರದು ಮೂರು ಜೋಡಿ. ಯಾರು ಮೊದಲ ಲೈನಿನಲ್ಲಿ, ಯಾರು ನಾಲ್ಕನೆಯದರಲ್ಲಿ ಎಂಬುದರ ಮೇಲೆಯೇ ಆಟಗಾರನ ಭವಿಷ್ಯ ನಿಂತಿದೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಪ್ರತಿ ಆಟಗಾರನ ಹಿಂದೆ ಒಬ್ಬ ಮನುಷ್ಯ ಇದ್ದಾನೆ. ವಿದ್ಯಾರ್ಥಿಯೋ, ಗುಮಾಸ್ತನೋ, ಯಾರೋ ಒಬ್ಬರು ಲೀಗಿಗೆ ಸೇರಿ ಒಬ್ಬ ಆಟಗಾರನಿಗೆ ಹೆಸರಿಟ್ಟು, ಸ್ಥಾನ ಆರಿಸಿ, ಯಾವ ದೇಶದವನೆಂದು ಬರೆದು ನೋಂದಾಯಿಸುತ್ತಾರೆ. ಆಟಗಾರ ಬೆಳೆಯಬೇಕಾದರೆ ಟಿಪಿಇ ಎಂಬ ಅಂಕಗಳು ಬೇಕು. ಅವು ಪುಕ್ಕಟೆ ಬರುವುದಿಲ್ಲ. ಲೀಗ್ ಬಗ್ಗೆ ಲೇಖನ ಬರೆಯಬೇಕು, ಚಿತ್ರ ಮಾಡಿಕೊಡಬೇಕು, ಪಂದ್ಯಗಳ ಫಲಿತಾಂಶ ಊಹಿಸಬೇಕು, ವಾರವಾರ ತರಬೇತಿಗೆ ಹೆಸರು ಕೊಡಬೇಕು. ಆಟಗಾರನಿಗೆ ಸಿಗುವ ಲೀಗಿನ ಕಾಲ್ಪನಿಕ ಸಂಬಳದಿಂದಲೂ ಹೆಚ್ಚಿನ ತರಬೇತಿ ಕೊಳ್ಳಬಹುದು. ಹೀಗೆ ಗಳಿಸಿದ ಅಂಕಗಳನ್ನು ವೇಗ, ಪಾಸ್, ಗುರಿ, ಎದುರಾಳಿಯ ಕೋಲಿನಿಂದ ಪಕ್ (ಚೆಂಡಿನ ಬದಲು ಬಳಸುವ ಬಿಲ್ಲೆ) ಕಸಿಯುವ ಚಾಕಚಕ್ಯ, ದಮ್ಮು ಮುಂತಾದ ಗುಣಗಳಿಗೆ ಹಂಚಬೇಕು. ಒಂದು ಗುಣ ಮೇಲಕ್ಕೆ ಹೋದಷ್ಟೂ ಮುಂದಿನ ಮೆಟ್ಟಿಲು ದುಬಾರಿಯಾಗುತ್ತದೆ. ಹಾಗಾಗಿ ಎಲ್ಲದರಲ್ಲೂ ಸೈ ಎನಿಸುವ ಆಟಗಾರ ಅಪರೂಪ. ಒಬ್ಬ ಬರೀ ಗೋಲು ಹೊಡೆಯುವವನಾಗುತ್ತಾನೆ, ಇನ್ನೊಬ್ಬ ಎದುರಾಳಿಯ ಹೊಡೆತಗಳಿಗೆ ಮೈಯೊಡ್ಡುವವನಾಗುತ್ತಾನೆ.

ನನ್ನ ಮಟ್ಟಿಗೆ ಈ ಲೀಗಿನ ಜೀವಾಳವೇ ಇದು. ಆಟಗಾರನ ಗೋಲುಗಳಲ್ಲಿ ಅದೃಷ್ಟದ ಪಾಲಿರಬಹುದು. ಅವನ ಬೆಳವಣಿಗೆಯಲ್ಲಿ ಇರುವುದು ಅವನ ಹಿಂದಿನ ಮನುಷ್ಯನ ಶ್ರದ್ಧೆ. ಆದ್ದರಿಂದ ಯಾರ ಜಾಡು ಹಿಡಿಯಬೇಕೆಂದು ತೀರ್ಮಾನಿಸುವ ಮೊದಲು ಗೋಲುಗಳ ಪಟ್ಟಿ ನೋಡಬೇಡಿ, ಟಿಪಿಇ ಏರಿದ ಬಗೆ ನೋಡಿ. ವಾರವಾರ ತಪ್ಪದೆ ಏರುತ್ತಿದೆಯೇ? ಹಾಗಿದ್ದರೆ ಆ ಆಟಗಾರ ಈಗ ನಾಲ್ಕನೇ ಲೈನಿನಲ್ಲಿ ಕೂತಿದ್ದರೂ ಪರವಾಗಿಲ್ಲ. ಏರಿಕೆ ನಿಂತು ಬಹಳ ದಿನವಾಗಿದ್ದರೆ ಹಿಂದಿರುವ ಮನುಷ್ಯ ಲೀಗ್ ಬಿಟ್ಟಿರುವ ಸಾಧ್ಯತೆಯೇ ಹೆಚ್ಚು. ಅಂಥ ಆಟಗಾರ ಆಡುತ್ತಲೇ ಇರುತ್ತಾನೆ, ಆದರೆ ಬೆಳೆಯುವುದಿಲ್ಲ.

ಹೊಸ ಆಟಗಾರ ಮೊದಲು ಇಳಿಯುವುದು ಜೂನಿಯರ್ ಲೀಗ್ ಎಸ್‌ಎಂಜೆಎಚ್‌ಎಲ್‌ನಲ್ಲಿ. ಕೆಲೋನಾ ನೈಟ್ಸ್, ಆಂಕರೇಜ್ ಅರ್ಮಾಡಾದಂಥ ತಂಡಗಳು ಅಲ್ಲಿವೆ. ಕಪ್ಪಿನ ಹೆಸರು ಫೋರ್ ಸ್ಟಾರ್ ಕಪ್. ಆಮೇಲೆ ಎಸ್‌ಎಚ್‌ಎಲ್ ಡ್ರಾಫ್ಟ್. ಐಪಿಎಲ್ ಹರಾಜಿನ ಹಾಗೆ ಇಲ್ಲಿ ದುಡ್ಡು ಕೂಗುವುದಿಲ್ಲ. ತಂಡಗಳು ಸರದಿಯ ಮೇಲೆ ಒಬ್ಬೊಬ್ಬರನ್ನು ಆರಿಸಿಕೊಳ್ಳುತ್ತವೆ, ಹಿಂದುಳಿದ ತಂಡಗಳಿಗೆ ಮೊದಲ ಸರದಿ. ಸರದಿಯನ್ನೇ ಇನ್ನೊಂದು ತಂಡಕ್ಕೆ ಬಿಟ್ಟುಕೊಟ್ಟು ಬದಲಿಗೆ ಆಟಗಾರರನ್ನು ಪಡೆಯುವುದೂ ಉಂಟು. ಆಯ್ಕೆಯಾದ ಮಾತ್ರಕ್ಕೆ ದೊಡ್ಡ ಲೀಗಿಗೆ ಬಡ್ತಿ ಸಿಕ್ಕಿತೆಂದಲ್ಲ. ಸಾಕಷ್ಟು ಬಲಿಯುವ ತನಕ ಹುಡುಗ ಜೂನಿಯರ್‌ನಲ್ಲೇ ಇರುತ್ತಾನೆ. ಹೊಸಬರು ಜಾಡು ಹಿಡಿಯಲು ಇದೇ ಒಳ್ಳೆಯ ಹೊತ್ತು ಎಂಬುದು ನನ್ನ ಅಭಿಪ್ರಾಯ. ಈಗಾಗಲೇ ತಾರೆಯಾದವನನ್ನು ಹಿಡಿದರೆ ಅರ್ಧ ಕಥೆ ತಪ್ಪಿಹೋಗಿರುತ್ತದೆ.

ಇನ್ನು ಪಂದ್ಯ ನಡೆಯುವ ಬಗೆ. ಮೊದಲು ಎಸ್‌ಎಚ್‌ಎಲ್ ಓಡುತ್ತಿದ್ದುದು ಸೈಮನ್‌ಟಿ ಹಾಕಿ ಸಿಮ್ಯುಲೇಟರ್ ಎಂಬ ತಂತ್ರಾಂಶದಲ್ಲಿ. ಅದರಲ್ಲಿ ಗುಣಗಳ ಅಳತೆ 99ರ ತನಕ. ಆಮೇಲೆ ಲೀಗ್ ಫ್ರಾಂಚೈಸ್ ಹಾಕಿ ಮ್ಯಾನೇಜರ್ ಎಂಬ ಆಟಕ್ಕೆ ಬದಲಾಯಿತು. ಇದರಲ್ಲಿ ಗುಣಗಳಿಗೆ 1ರಿಂದ 20ರ ಅಳತೆ, ಗುಣಗಳ ಸಂಖ್ಯೆಯೂ ಹೆಚ್ಚು. ಧೈರ್ಯ, ತಂಡದ ಜೊತೆ ಹೊಂದಿಕೊಂಡು ಆಡುವ ಬುದ್ಧಿ, ಸಿಡುಕುತನದಂಥ ಸ್ವಭಾವಗಳಿಗೂ ಅಂಕವಿದೆ. ಪ್ರತಿ ತಂಡದ ಜನರಲ್ ಮ್ಯಾನೇಜರ್ ತಮ್ಮ ಲೈನ್‌ಗಳನ್ನು, ತಂತ್ರಗಳನ್ನು ಮೊದಲೇ ಕಳಿಸಿರುತ್ತಾರೆ. ಲೀಗಿನ ಒಬ್ಬರು ಎಲ್ಲವನ್ನೂ ಫೈಲಿಗೆ ಸೇರಿಸಿ ಪಂದ್ಯಗಳನ್ನು ಓಡಿಸುತ್ತಾರೆ. ಇದನ್ನೇ ಸಿಮ್ ಎನ್ನುವುದು. ಪ್ರತಿ ಹೊಡೆತದಲ್ಲೂ ತಂತ್ರಾಂಶ ಆಟಗಾರರ ಗುಣಗಳನ್ನು ತೂಗಿ, ಆಮೇಲೆ ದಾಳ ಎಸೆಯುತ್ತದೆ. ಗುಣ ಹೆಚ್ಚಿದ್ದರೆ ಗೆಲ್ಲುವ ಸಾಧ್ಯತೆ ಹೆಚ್ಚು, ಖಾತ್ರಿಯಿಲ್ಲ. ಚುರುಕಾದ ಮ್ಯಾನೇಜರ್‌ಗಳು ತಮ್ಮ ಕಂಪ್ಯೂಟರಿನಲ್ಲೇ ಒಂದೇ ಪಂದ್ಯವನ್ನು ಬೇರೆ ಬೇರೆ ಲೈನ್‌ಗಳೊಂದಿಗೆ ಮತ್ತೆ ಮತ್ತೆ ಓಡಿಸಿ, ಯಾವ ಜೋಡಣೆಗೆ ಗೆಲುವು ಜಾಸ್ತಿ ಎಂದು ಪರೀಕ್ಷಿಸಿಕೊಂಡಿರುತ್ತಾರೆ.

ಉತ್ತರ ಅಮೆರಿಕದ ಪೂರ್ವ ತೀರದಲ್ಲಿ ರಾತ್ರಿ ಎಂಟಾದಾಗ ನಮ್ಮಲ್ಲಿ ಮರುದಿನ ಬೆಳಗಿನ ಐದೂವರೆ, ಅವರ ಚಳಿಗಾಲದಲ್ಲಾದರೆ ಆರೂವರೆ. ಅವರ ಸಂಜೆಯ ಸಿಮ್ ನಮಗೆ ಬೆಳಗಿನ ಕಾಫಿಯ ಹೊತ್ತಿಗೆ ಓದಲು ಸಿಗುತ್ತದೆ.

ಓದುವುದೇನು? ಬಾಕ್ಸ್ ಸ್ಕೋರ್. ಪಂದ್ಯವನ್ನು ಕಣ್ಣಿಂದ ನೋಡದವರಿಗೆ ಈ ಕೋಷ್ಟಕವೇ ಪಂದ್ಯ. ಇದನ್ನು ಓದಲು ಕಲಿತವರಿಗೆ ಲೀಗ್ ತೆರೆದುಕೊಳ್ಳುತ್ತದೆ. ಕಲಿಯದವರು ಸ್ಕೋರ್ ನೋಡಿ ಪುಟ ಮುಚ್ಚುತ್ತಾರೆ.

ಒಂದೇ ತಂಡದ ಇಬ್ಬರು ಸೆಂಟರ್‌ಗಳ ಸಾಲು ನಿಮ್ಮ ಮುಂದಿದೆ ಎಂದುಕೊಳ್ಳೋಣ. ಮೊದಲನೆಯವನದು ಒಂದು ಗೋಲು, ಗೋಲಿನತ್ತ ಒಂದೇ ಹೊಡೆತ, ಐಸ್ ಮೇಲೆ 11 ನಿಮಿಷ 40 ಸೆಕೆಂಡ್. ಎರಡನೆಯವನದು ಗೋಲಿಲ್ಲ, ಗೋಲು ಮಾಡಿಸಿಕೊಟ್ಟ ಅಸಿಸ್ಟ್ ಇಲ್ಲ, ಆದರೆ ಐದು ಹೊಡೆತ, ಆಟ ಶುರುವಾಗುವಾಗ ಪಕ್‌ಗಾಗಿ ಇಬ್ಬರು ಸೆಣಸುವ ಫೇಸ್‌ಆಫ್‌ನಲ್ಲಿ 22ಕ್ಕೆ 14 ಗೆಲುವು, ಐಸ್ ಮೇಲೆ 21 ನಿಮಿಷ 15 ಸೆಕೆಂಡ್. ಮರುದಿನದ ಸುದ್ದಿಯಲ್ಲಿ ಬರುವುದು ಮೊದಲನೆಯವನ ಹೆಸರು. ನಾನು ಕಣ್ಣಿಡುವುದು ಎರಡನೆಯವನ ಮೇಲೆ. ಅಷ್ಟು ಹೊತ್ತು ಅವನನ್ನು ಐಸ್ ಮೇಲೆ ನಿಲ್ಲಿಸಿದ್ದು ಮ್ಯಾನೇಜರ್‌ನ ನಂಬಿಕೆ. ಐದು ಹೊಡೆತವೆಂದರೆ ಅವಕಾಶಗಳು ಅವನ ಬಳಿಗೆ ಬರುತ್ತಿವೆ. ಗೋಲು ಇವತ್ತು ಬರಲಿಲ್ಲ, ಬರುತ್ತದೆ. ಮೊದಲನೆಯವನ ಒಂದೇ ಹೊಡೆತ ಗೋಲಾಯಿತು. ನಾಳೆಯೂ ಹಾಗೇ ಆಗುತ್ತದೆಂದು ನೆಚ್ಚಿಕೊಳ್ಳುವಂತಿಲ್ಲ.

ಐಸ್ ಮೇಲಿನ ಹೊತ್ತು ನೋಡಿದ ಮೇಲೆ ಅದರಲ್ಲಿ ಎಷ್ಟು ಪವರ್ ಪ್ಲೇಯದು ಎಂದು ನೋಡಿ. ಎದುರಾಳಿಯೊಬ್ಬ ತಪ್ಪು ಮಾಡಿ ಎರಡು ನಿಮಿಷ ಹೊರಗೆ ಕೂತಾಗ, ಗೋಲಿಗಳನ್ನು ಬಿಟ್ಟು, ಈ ಕಡೆಯ ಐವರಿಗೆ ಆ ಕಡೆ ನಾಲ್ವರು. ಸುಲಭದ ಗೋಲುಗಳು ಬರುವುದು ಆಗಲೇ. ಪವರ್ ಪ್ಲೇಯಿಂದ ಮಾತ್ರ ಅಂಕ ಗಳಿಸುವವನಿಗೂ ಸಮಬಲದ ಆಟದಲ್ಲಿ ಗಳಿಸುವವನಿಗೂ ಬಹಳ ವ್ಯತ್ಯಾಸ. ತಿರುಗುಮುರುಗಾಗಿ, ತನ್ನ ತಂಡಕ್ಕೆ ಒಬ್ಬ ಕಡಿಮೆ ಇರುವಾಗ ಯಾರನ್ನು ಇಳಿಸುತ್ತಾರೆ ಎಂಬುದನ್ನೂ ಗುರುತಿಸಿ. ಹೆಸರು ಮಾಡದ ಒಳ್ಳೆಯ ಡಿಫೆನ್ಸ್ ಆಟಗಾರರು ಸಿಗುವುದು ಅಲ್ಲಿ.

ಪ್ಲಸ್ ಮೈನಸ್ ಎಂಬ ಅಂಕಣಕ್ಕೆ ಹೊಸಬರು ಬಹಳ ಬೆಲೆ ಕೊಡುತ್ತಾರೆ. ತಾನು ಐಸ್ ಮೇಲಿದ್ದಾಗ ತನ್ನ ತಂಡ ಗೋಲು ಹೊಡೆದರೆ ಒಂದು ಕೂಡುತ್ತದೆ, ಬಿಟ್ಟುಕೊಟ್ಟರೆ ಒಂದು ಕಳೆಯುತ್ತದೆ. ಪವರ್ ಪ್ಲೇಯಲ್ಲಿ ಬಂದ ಗೋಲು ಲೆಕ್ಕಕ್ಕಿಲ್ಲ. ಗೋಲಿ ಕೆಟ್ಟ ದಿನ ಕಂಡರೆ ಒಳ್ಳೆಯ ಆಟಗಾರನ ಮೈನಸ್ಸೂ ಬೆಳೆಯುತ್ತದೆ. ಇದಕ್ಕಿಂತ ಕೋರ್ಸಿ ಮೇಲು. ಬಫಲೊ ಸೇಬರ್ಸ್‌ನ ಗೋಲಿ ಕೋಚ್ ಆಗಿದ್ದ ಜಿಮ್ ಕೋರ್ಸಿಯ ಹೆಸರು ಹೊತ್ತ ಅಳತೆ ಇದು. ಗೋಲಿಗೆ ತಲುಪಿದ್ದು, ಗುರಿ ತಪ್ಪಿದ್ದು, ನಡುವೆ ತಡೆದದ್ದು, ಎಲ್ಲ ಹೊಡೆತಗಳನ್ನೂ ಎರಡೂ ಕಡೆಗೆ ಎಣಿಸುತ್ತದೆ. ಪಕ್ ಹೆಚ್ಚು ಹೊತ್ತು ಯಾರ ಕೈಯಲ್ಲಿತ್ತು ಎಂಬುದರ ಸುಳಿವು ಇದರಿಂದ ಸಿಗುತ್ತದೆ.

ಗೋಲಿಗಳದ್ದು ಬೇರೆಯೇ ಲೋಕ. ಬಿಟ್ಟ ಗೋಲುಗಳ ಸರಾಸರಿ ನೋಡಿ ಗೋಲಿಯನ್ನು ಅಳೆಯುವುದು ಅನ್ಯಾಯ. ದುರ್ಬಲ ತಂಡದ ಗೋಲಿ 40 ಹೊಡೆತ ಎದುರಿಸುವ ದಿನ ಬಲಿಷ್ಠ ತಂಡದವನು 20 ಎದುರಿಸಿರುತ್ತಾನೆ. ತಡೆದದ್ದನ್ನು ಎದುರಿಸಿದ್ದರಿಂದ ಭಾಗಿಸಿ. 30ರಲ್ಲಿ 27 ತಡೆದರೆ .900. ಆ ಸಂಖ್ಯೆಯನ್ನೂ ಲೀಗಿನ ಸರಾಸರಿಯ ಪಕ್ಕ ಇಟ್ಟೇ ನೋಡಬೇಕು.

ತಂಡದ ಮಟ್ಟದಲ್ಲಿ ಒಂದೇ ಒಂದು ಸಂಖ್ಯೆ ಆರಿಸಿಕೊಳ್ಳಬೇಕೆಂದರೆ ನಾನು ಪಿಡಿಒ ಆರಿಸುತ್ತೇನೆ. ತಂಡದ ಹೊಡೆತಗಳಲ್ಲಿ ಶೇಕಡಾ ಎಷ್ಟು ಗೋಲಾಯಿತು, ಎದುರಾಳಿಯ ಹೊಡೆತಗಳಲ್ಲಿ ಶೇಕಡಾ ಎಷ್ಟು ತಡೆಯಿತು, ಎರಡನ್ನೂ ಕೂಡಿದರೆ ಅದು. ಲೀಗಿನ ಒಟ್ಟು ಸರಾಸರಿ 100. ನಿಮ್ಮ ತಂಡ ಸತತ ಗೆಲ್ಲುತ್ತಿದ್ದು ಪಿಡಿಒ 104 ಇದ್ದರೆ ಅದೃಷ್ಟ ಕೈಹಿಡಿದಿದೆ ಎಂದೇ ಬಹುಪಾಲು ಅರ್ಥ, ಅದು ಇಳಿಯುತ್ತದೆ. ಸೋಲುತ್ತಿರುವ ತಂಡದ ಕೋರ್ಸಿ ಚೆನ್ನಾಗಿದ್ದು ಪಿಡಿಒ 96 ಇದ್ದರೆ ತಾಳ್ಮೆಯಿಂದ ಕಾಯಿರಿ. ಸೀಸನ್ನಿನ ಮೊದಲ ಒಂದು ವಾರದ ಅಂಕಪಟ್ಟಿಯನ್ನು ನಂಬಿ ಆಟಗಾರರನ್ನು ಬಿಟ್ಟುಕೊಡುವ ಮ್ಯಾನೇಜರ್‌ಗಳನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಒಂದು ಸೀಸನ್ ನಿಜ ಲೋಕದ ಸುಮಾರು ಎರಡು ತಿಂಗಳಲ್ಲಿ ಮುಗಿಯುತ್ತದೆ. ಕೊನೆಯಲ್ಲಿ ಏಳು ಪಂದ್ಯಗಳ ಸರಣಿಯ ಪ್ಲೇಆಫ್. ನಾಲ್ಕು ಗೆದ್ದವರು ಮುಂದಕ್ಕೆ. ಇಡೀ ಸೀಸನ್ ಮೆರೆದ ತಂಡ ಮೊದಲ ಸುತ್ತಿನಲ್ಲೇ ಮನೆಗೆ ಹೋಗುವುದು ಇಲ್ಲಿ ಮಾಮೂಲು, ಏಕೆಂದರೆ ಏಳು ಪಂದ್ಯಗಳಲ್ಲಿ ದಾಳ ಸಮತೋಲಕ್ಕೆ ಬರುವಷ್ಟು ಅವಕಾಶವಿರುವುದಿಲ್ಲ. ಪ್ಲೇಆಫ್ ಮುಗಿದ ಮೇಲಿನ ವಾರಗಳನ್ನು ತಪ್ಪಿಸಬೇಡಿ. ಒಪ್ಪಂದ, ವಿನಿಮಯ, ಡ್ರಾಫ್ಟ್, ದೇಶ ದೇಶಗಳ ನಡುವಿನ ಟೂರ್ನಿ, ಎಲ್ಲ ಆಗಲೇ. ಸಂಬಳದ ಮಿತಿಯಿಂದಾಗಿ ಗೆದ್ದ ತಂಡಕ್ಕೆ ಎಲ್ಲರನ್ನೂ ಉಳಿಸಿಕೊಳ್ಳಲಾಗುವುದಿಲ್ಲ. ನಿಮ್ಮ ಆಟಗಾರ ಎಷ್ಟು ಸೀಸನ್ನಿಗೆ ಸಹಿ ಹಾಕಿದ್ದಾನೆ ಎಂಬುದನ್ನು ಬರೆದಿಟ್ಟುಕೊಂಡರೆ ಅವನು ಬೇರೆ ಬಣ್ಣದ ಜೆರ್ಸಿ ತೊಡುವ ಹೊತ್ತು ಮೊದಲೇ ಗೊತ್ತಾಗುತ್ತದೆ.

ವಯಸ್ಸು ಇಲ್ಲೂ ಬಿಡುವುದಿಲ್ಲ. ಕೆಲವು ಸೀಸನ್ ಕಳೆದ ಮೇಲೆ ಪ್ರತಿ ಬಾರಿಯೂ ಆಟಗಾರನ ಟಿಪಿಇಯಿಂದ ಒಂದು ಪಾಲು ಕಡಿತವಾಗುತ್ತದೆ, ಆ ಪಾಲು ಸೀಸನ್ನಿನಿಂದ ಸೀಸನ್ನಿಗೆ ದೊಡ್ಡದಾಗುತ್ತದೆ. ಎಷ್ಟೇ ದುಡಿದರೂ ಗಳಿಕೆಗಿಂತ ಕಡಿತ ಹೆಚ್ಚಾಗುವ ದಿನ ಬರುತ್ತದೆ. ಆಗ ಹಿಂದಿನ ಮನುಷ್ಯ ಯಾವ ಗುಣವನ್ನು ಬಿಟ್ಟುಕೊಟ್ಟು ಯಾವುದನ್ನು ಉಳಿಸಿಕೊಳ್ಳುತ್ತಾನೆ ಎಂದು ಗಮನಿಸಿ. ವೇಗ ಕಳೆದುಕೊಂಡರೂ ಪಾಸ್ ಉಳಿಸಿಕೊಂಡ ಹಿರಿಯ ಸೆಂಟರ್ ಮೂರನೇ ಲೈನಿನಲ್ಲಿ ಹುಡುಗರಿಗೆ ಗೋಲು ಮಾಡಿಕೊಡುವುದನ್ನು ಬಾಕ್ಸ್ ಸ್ಕೋರಿನ ಅಸಿಸ್ಟ್ ಅಂಕಣದಲ್ಲಿ ಕಾಣಬಹುದು. ಇಡೀ ಲೀಗಿನಲ್ಲಿ ನನಗೆ ಅತ್ಯಂತ ಪ್ರೀತಿಯ ಆಟಗಾರರು ಇವರೇ.

ಆಟಗಾರ ನಿವೃತ್ತನಾದರೆ ಅವನ ಅಂಕಿಅಂಶ ದಾಖಲೆಯಲ್ಲಿ ಉಳಿಯುತ್ತದೆ, ದೊಡ್ಡವರಿಗೆ ಹಾಲ್ ಆಫ್ ಫೇಮ್ ಇದೆ. ಹಿಂದಿದ್ದ ಮನುಷ್ಯ ಸಾಮಾನ್ಯವಾಗಿ ಲೀಗ್ ಬಿಡುವುದಿಲ್ಲ. ಹೊಸ ಹೆಸರು, ಹೊಸ ಸ್ಥಾನ ಹಿಡಿದು ಮತ್ತೆ ಮೊದಲಿನಿಂದ ಶುರುಮಾಡುತ್ತಾನೆ. ಗೋಲು ಹೊಡೆಯುತ್ತಿದ್ದವನು ಈ ಸಲ ಗೋಲಿಯಾಗಬಹುದು. ಆದ್ದರಿಂದ ನಿವೃತ್ತಿಯ ಸುದ್ದಿ ಬಂದ ಕೂಡಲೇ ಮುಂದಿನ ಜೂನಿಯರ್ ಡ್ರಾಫ್ಟಿನ ಪಟ್ಟಿ ತೆರೆದು, ಅದೇ ಸದಸ್ಯನ ಹೊಸ ಆಟಗಾರ ಯಾರೆಂದು ಹುಡುಕಿ, ಅವನ ಟಿಪಿಇಯ ಮೊದಲ ಅಂಕವನ್ನು ಗುರುತು ಹಾಕಿಕೊಳ್ಳಿ.