ಅರವತ್ತು ಕಾರ್ಡುಗಳ ಗಣಿತ

1993ರ ಆಗಸ್ಟ್‌ನಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ 'ವಿಝರ್ಡ್ಸ್ ಆಫ್ ದಿ ಕೋಸ್ಟ್' ಎಂಬ ಚಿಕ್ಕ ಸಂಸ್ಥೆಯೊಂದು 'ಮ್ಯಾಜಿಕ್: ದಿ ಗ್ಯಾದರಿಂಗ್' ಎಂಬ ಆಟವನ್ನು ಮಾರುಕಟ್ಟೆಗೆ ತಂದಿತು. ಅದನ್ನು ರೂಪಿಸಿದ ರಿಚರ್ಡ್ ಗಾರ್ಫೀಲ್ಡ್ ಗಣಿತಜ್ಞರು; ಅವರ ಡಾಕ್ಟರೇಟ್ ಅಧ್ಯಯನ ನಡೆದದ್ದು ವಸ್ತುಗಳ ಜೋಡಣೆ, ಆಯ್ಕೆಗಳನ್ನು ಎಣಿಸುವ ಕಾಂಬಿನೇಟೋರಿಕ್ಸ್ ಶಾಖೆಯಲ್ಲಿ. ಇಸ್ಪೀಟಿನಲ್ಲಿ ಆಡುವವರೆಲ್ಲರ ಪಾಲಿಗೆ ಇರುವುದು ಅವೇ 52 ಎಲೆಗಳು. ಗಾರ್ಫೀಲ್ಡ್ ಅವರ ಆಟದಲ್ಲಾದರೋ ಮೊದಲ ಮುದ್ರಣದಲ್ಲೇ 295 ಕಾರ್ಡುಗಳಿದ್ದವು. ಪೊಟ್ಟಣದಲ್ಲಿ ಸಿಕ್ಕಿದ್ದನ್ನು ಕೂಡಿಟ್ಟು, ಬೇಕಾದ್ದನ್ನು ವಿನಿಮಯ ಮಾಡಿಕೊಂಡು, ಪ್ರತಿಯೊಬ್ಬ ಆಟಗಾರನೂ ತನ್ನದೇ ಡೆಕ್ ಕಟ್ಟಿಕೊಂಡು ಎದುರಾಳಿಯ ಮುಂದೆ ಕೂರಬೇಕು. 1996ರಲ್ಲಿ ಜಪಾನಿನಲ್ಲಿ ಬಂದ ಪೋಕೆಮಾನ್ ಕಾರ್ಡ್ ಆಟವೂ ಅದರ ನಂತರದ ಯು-ಗಿ-ಓ ಕೂಡ ಇದೇ ದಾರಿ ಹಿಡಿದವು.

ಇಂಥ ಆಟದಲ್ಲಿ ಡೆಕ್ ಕಟ್ಟುವವನ ಗುರಿ ಅದೃಷ್ಟದ ಪಾಲನ್ನು ಸಾಧ್ಯವಾದಷ್ಟು ತಗ್ಗಿಸುವುದು. ನಿಯಮ ಬರೆಯುವವನ ಗುರಿ ಆ ಪಾಲನ್ನು ಉಳಿಸಿಕೊಳ್ಳುವುದು. ಎಣಿಕೆಯ ನಿಯಮಗಳು ಹುಟ್ಟಿರುವುದು ಈ ಎಳೆದಾಟದಲ್ಲಿಯೇ. ಆಟದ ಪರಿಕರಗಳಲ್ಲಿಯೂ ನಿಜವಾಗಿ ಮುಖ್ಯವಾದವು ಇದರೊಂದಿಗೇ ಹೆಣೆದುಕೊಂಡಿವೆ.

ಮ್ಯಾಜಿಕ್‌ನ ಮೊದಲ ನಿಯಮಪುಸ್ತಕದಲ್ಲಿ ಡೆಕ್ಕಿಗೆ ಕನಿಷ್ಠ 40 ಕಾರ್ಡುಗಳಿರಬೇಕು ಎಂಬ ಷರತ್ತಿತ್ತೇ ಹೊರತು ಒಂದೇ ಕಾರ್ಡಿನ ಎಷ್ಟು ಪ್ರತಿಗಳನ್ನು ಸೇರಿಸಬಹುದು ಎಂಬುದಕ್ಕೆ ಮಿತಿಯಿರಲಿಲ್ಲ. ಜನ ಕೆಲವೇ ಪೊಟ್ಟಣಗಳನ್ನು ಕೊಳ್ಳುತ್ತಾರೆ, ಅಪರೂಪದ ಕಾರ್ಡು ಗೆಳೆಯರ ಒಂದು ಗುಂಪಿನಲ್ಲಿ ಒಂದೋ ಎರಡೋ ಇದ್ದೀತು ಎಂಬ ಎಣಿಕೆಯ ಮೇಲೆ ಈ ಉದಾರತೆ ನಿಂತಿತ್ತು. ಜನ ಪೊಟ್ಟಣಗಳನ್ನಲ್ಲ, ಪೆಟ್ಟಿಗೆಗಳನ್ನೇ ಕೊಂಡರು. 'ಬ್ಲ್ಯಾಕ್ ಲೋಟಸ್'ನಂಥ ಪ್ರಬಲ ಕಾರ್ಡಿನ 20 ಪ್ರತಿಗಳನ್ನು 40 ಕಾರ್ಡುಗಳ ಡೆಕ್ಕಿಗೆ ತುಂಬಿದರೆ, ಆರಂಭದಲ್ಲಿ ಕೈಗೆ ಬರುವ ಏಳು ಕಾರ್ಡುಗಳಲ್ಲಿ ಅದು ಒಂದೂ ಇಲ್ಲದಿರುವ ಸಂಭಾವ್ಯತೆ ಶೇ. 0.4 ಮಾತ್ರ. ಪ್ರತಿ ಪಂದ್ಯವೂ ಒಂದೇ ರೀತಿ ಶುರುವಾಗಿ ಒಂದೇ ರೀತಿ ಮುಗಿಯುವಾಗ ಡೆಕ್ಕನ್ನು ಕಲೆಸುವುದಾದರೂ ಏಕೆ? 1994ರಲ್ಲಿ ಸ್ಪರ್ಧೆಗಳಿಗಾಗಿ ಬಂದ ನಿಯಮ ಎರಡು ಕಡೆಯಿಂದ ಬಿಗಿ ಮಾಡಿತು: ಡೆಕ್ಕಿನಲ್ಲಿ ಕನಿಷ್ಠ 60 ಕಾರ್ಡು, ಉಳಿದ ಕಾರ್ಡುಗಳನ್ನು ಆಡಲು ಶಕ್ತಿ ಕೊಡುವ ಮೂಲ ಭೂಮಿ ಕಾರ್ಡುಗಳನ್ನು ಬಿಟ್ಟು ಒಂದು ಹೆಸರಿನ ಕಾರ್ಡು ಹೆಚ್ಚೆಂದರೆ ನಾಲ್ಕು.

ಈ ನಾಲ್ಕರ ಮಿತಿ ಮಾಡುವ ಕೆಲಸವನ್ನು ಲೆಕ್ಕ ತೆರೆದು ತೋರಿಸುತ್ತದೆ. ತೆಗೆದ ಕಾರ್ಡನ್ನು ಹಿಂದಿರುಗಿಸದೆ ಮುಂದಿನದನ್ನು ತೆಗೆಯುವ ಇಂಥ ಸಂದರ್ಭಗಳಿಗೆ ಸಂಖ್ಯಾಶಾಸ್ತ್ರದಲ್ಲಿ ಹೈಪರ್‌ಜಿಯೊಮೆಟ್ರಿಕ್ ವಿತರಣೆ ಎಂಬ ಸೂತ್ರವಿದೆ. ಅದರ ಪ್ರಕಾರ 60ರ ಡೆಕ್ಕಿನಲ್ಲಿ ಒಂದೇ ಪ್ರತಿ ಇರುವ ಕಾರ್ಡು ಮೊದಲ ಏಳರಲ್ಲಿ ಬರುವ ಸಂಭಾವ್ಯತೆ ಶೇ. 11.7. ಎರಡು ಪ್ರತಿಗಳಿದ್ದರೆ ಕನಿಷ್ಠ ಒಂದಾದರೂ ಬರುವುದು ಶೇ. 22.1ರಷ್ಟು, ಮೂರಿದ್ದರೆ 31.5, ನಾಲ್ಕಿದ್ದರೆ ಸುಮಾರು 40. ಪ್ರತಿಯೊಂದು ಹೆಚ್ಚುವರಿ ಪ್ರತಿಯೂ ಹಿಂದಿನದಕ್ಕಿಂತ ತುಸು ಕಡಿಮೆ ಲಾಭ ತರುತ್ತದೆ, ಮತ್ತು ಮಿತಿಯನ್ನು ಪೂರ್ತಿ ಬಳಸಿದರೂ ನೆಚ್ಚಿನ ಕಾರ್ಡು ಹತ್ತು ಪಂದ್ಯಗಳಲ್ಲಿ ಆರರಲ್ಲಿ ಮೊದಲ ಕೈಯಲ್ಲಿ ಇರುವುದಿಲ್ಲ. ಆಟ ಆಟವಾಗಿ ಉಳಿದಿರುವುದು ಈ ಆರು ಪಂದ್ಯಗಳಿಂದ.

ಕನಿಷ್ಠ ಸಂಖ್ಯೆಯೂ ಅಷ್ಟೇ ಮುಖ್ಯ. ಅವೇ ನಾಲ್ಕು ಪ್ರತಿಗಳು 40ರ ಡೆಕ್ಕಿನಲ್ಲಿ ಇದ್ದಿದ್ದರೆ ಸಂಭಾವ್ಯತೆ ಶೇ. 55ಕ್ಕೆ ಏರುತ್ತಿತ್ತು, 80ರ ಡೆಕ್ಕಿನಲ್ಲಿ 31ಕ್ಕೆ ಇಳಿಯುತ್ತದೆ. ಆದ್ದರಿಂದಲೇ ನಿಯಮದಲ್ಲಿ ಗರಿಷ್ಠ ಮಿತಿ ಇಲ್ಲದಿದ್ದರೂ ಅನುಭವಿಗಳು ಸಾಮಾನ್ಯವಾಗಿ 60ಕ್ಕೆ ಒಂದು ಕಾರ್ಡನ್ನೂ ಹೆಚ್ಚಿಸುವುದಿಲ್ಲ. ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಸೇರಿಸಿದ 61ನೆಯ ಕಾರ್ಡು ಡೆಕ್ಕಿನ ಅತ್ಯುತ್ತಮ ಕಾರ್ಡನ್ನು ಅಷ್ಟರಮಟ್ಟಿಗೆ ದೂರ ತಳ್ಳುತ್ತದೆ. ಇದಕ್ಕೊಂದು ಸೊಗಸಾದ ಅಪವಾದವಿದೆ. 2001ರ 'ಬ್ಯಾಟಲ್ ಆಫ್ ವಿಟ್ಸ್' ಎಂಬ ಕಾರ್ಡು, ತೆಗೆಯದೆ ಉಳಿದ ರಾಶಿಯಲ್ಲಿ 200 ಅಥವಾ ಹೆಚ್ಚು ಕಾರ್ಡುಗಳಿದ್ದರೆ ಗೆಲುವು ಎನ್ನುತ್ತದೆ. ಅದನ್ನು ನೆಚ್ಚಿದವರು 200ಕ್ಕೂ ಮೀರಿದ ಗೋಪುರಗಳನ್ನು ಕಟ್ಟಿ ಸ್ಪರ್ಧೆಗೆ ಬಂದದ್ದುಂಟು. ಡೆಕ್ಕನ್ನು ಬೇರೆಯವರ ನೆರವಿಲ್ಲದೆ ತನ್ನ ಕೈಯಲ್ಲೇ ಕಲೆಸಲು ಸಾಧ್ಯವಿರಬೇಕು ಎಂಬ ಷರತ್ತೊಂದೇ ಅವರಿಗೆ ಅಡ್ಡಿ.

ಡೆಕ್ ಕಟ್ಟುವವನನ್ನು ನಿಜವಾಗಿ ಕಾಡುವುದು ಭೂಮಿ ಕಾರ್ಡುಗಳ ಸಂಖ್ಯೆ. ಮ್ಯಾಜಿಕ್‌ನಲ್ಲಿ ಬೇರೆಲ್ಲ ಕಾರ್ಡುಗಳನ್ನು ಆಡಲು ಬೇಕಾದ ಶಕ್ತಿ ಬರುವುದು ಮುಖ್ಯವಾಗಿ ಭೂಮಿಯಿಂದ, ಅದನ್ನು ಸರದಿಗೆ ಒಂದರಂತೆ ಮಾತ್ರ ಇಡಬಹುದು. 60ರಲ್ಲಿ 24 ಭೂಮಿ ಎಂಬುದು ಬಹುಕಾಲದಿಂದ ನಡೆದುಬಂದ ರೂಢಿ. ಅದರ ಹಿಂದೆ ಸರಳ ಅನುಪಾತವಿದೆ: ಹತ್ತು ಕಾರ್ಡು ನೋಡಿದ ಹೊತ್ತಿಗೆ ಸರಾಸರಿ ನಾಲ್ಕು ಭೂಮಿ ಬರುತ್ತವೆ, ಮೊದಲು ಆಡುವವನು ತನ್ನ ನಾಲ್ಕನೆಯ ಸರದಿಯಲ್ಲಿ ನೋಡಿರುವುದೂ ಹತ್ತು ಕಾರ್ಡನ್ನೇ. ಆದರೆ ಸರಾಸರಿ ಯಾರ ಕೈಗೂ ಬರುವುದಿಲ್ಲ. ಮೊದಲ ಏಳರಲ್ಲಿ ಎರಡರಿಂದ ನಾಲ್ಕು ಭೂಮಿ ಬರುವ ಸಂಭಾವ್ಯತೆ ಶೇ. 77, ಒಂದೋ ಸೊನ್ನೆಯೋ ಬರುವುದು ಶೇ. 14, ಅಂದರೆ ಏಳು ಪಂದ್ಯಗಳಿಗೊಮ್ಮೆ. ಐದಕ್ಕಿಂತ ಕಡಿಮೆಯಾಗದೆ ಬಂದು ಕೈ ತುಂಬ ಭೂಮಿಯೇ ಆಗುವುದು ಶೇ. 8. ಭೂಮಿ ಹೆಚ್ಚಿಸಿದರೆ ಬರದ ಭಯ ತಗ್ಗಿ ನೆರೆಯ ಭಯ ಏರುತ್ತದೆ, ಎರಡನ್ನೂ ಒಟ್ಟಿಗೆ ಇಳಿಸುವ ಸಂಖ್ಯೆ ಇಲ್ಲ. ಕೆಟ್ಟ ಕೈಯನ್ನು ಹಿಂದಿರುಗಿಸಿ ಮತ್ತೆ ತೆಗೆಯುವ 'ಮಲ್ಲಿಗನ್' ಅವಕಾಶವನ್ನು 2019ರಲ್ಲಿ ಬದಲಿಸಿದ್ದು ಇದಕ್ಕೇ: ಈಗ ಮತ್ತೆ ಏಳನ್ನೇ ತೆಗೆದು, ಮಲ್ಲಿಗನ್ ಒಂದಕ್ಕೆ ಒಂದರಂತೆ ಬೇಡದ ಕಾರ್ಡನ್ನು ರಾಶಿಯ ತಳಕ್ಕೆ ಸೇರಿಸಬೇಕು. ಹಳೆಯ ಕ್ರಮಕ್ಕಿಂತ ಇದು ನ್ಯಾಯವಾದದ್ದು.

ಪೋಕೆಮಾನ್‌ನ ಡೆಕ್ ಕನಿಷ್ಠವೂ ಗರಿಷ್ಠವೂ ಅಲ್ಲದೆ ಸರಿಯಾಗಿ 60. ಅಲ್ಲಿ ಮೊದಲ ಕೈಯಲ್ಲಿ ಒಂದಾದರೂ 'ಬೇಸಿಕ್' ಪೋಕೆಮಾನ್ ಇಲ್ಲದಿದ್ದರೆ ಆಟ ಆರಂಭಿಸುವಂತೆಯೇ ಇಲ್ಲ. ಡೆಕ್ಕಿನಲ್ಲಿ ಅಂಥವು ಹತ್ತಿದ್ದರೆ ನಾಲ್ಕರಲ್ಲಿ ಒಂದು ಸಲ ಈ ಪೇಚು ಎದುರಾಗುತ್ತದೆ. ಯು-ಗಿ-ಓದಲ್ಲಿ 40ರಿಂದ 60, ಒಂದು ಹೆಸರಿಗೆ ಮೂರು ಪ್ರತಿ. ಮ್ಯಾಜಿಕ್‌ನದೇ 'ಕಮಾಂಡರ್' ಬಗೆಯಲ್ಲಿ 100 ಕಾರ್ಡು, ಮೂಲ ಭೂಮಿ ಬಿಟ್ಟರೆ ಎಲ್ಲವೂ ಒಂದೊಂದೇ. ಅದೃಷ್ಟಕ್ಕೆ ಅತಿ ಹೆಚ್ಚು ಜಾಗ ಕೊಟ್ಟಿರುವುದು ಈ ಕೊನೆಯದು.

ಇಷ್ಟೆಲ್ಲ ಲೆಕ್ಕಕ್ಕೂ ಒಂದೇ ಆಧಾರ: ಡೆಕ್ ಸರಿಯಾಗಿ ಕಲೆತಿರಬೇಕು. 60 ಕಾರ್ಡುಗಳನ್ನು ಜೋಡಿಸಬಹುದಾದ ಕ್ರಮಗಳ ಸಂಖ್ಯೆಯನ್ನು ಬರೆಯಲು 82 ಅಂಕಿಗಳು ಬೇಕು. ಅವುಗಳಲ್ಲಿ ಯಾವುದಕ್ಕೂ ಪಕ್ಷಪಾತವಿಲ್ಲದ ಸ್ಥಿತಿಯೇ ಯಾದೃಚ್ಛಿಕತೆ. ಎರಡು ಭಾಗ ಮಾಡಿ ಒಂದರೊಳಗೊಂದು ಹೆಣೆಯುವ ರಿಫಲ್ ಪದ್ಧತಿಯಲ್ಲಿ 52 ಎಲೆಗಳಿಗೆ ಏಳು ಬಾರಿ ಸಾಕು ಎಂದು ಡೇವ್ ಬೇಯರ್ ಮತ್ತು ಜಾದೂಗಾರರಾಗಿದ್ದು ಗಣಿತಕ್ಕೆ ಬಂದ ಪರ್ಸಿ ಡಯಕೋನಿಸ್ 1992ರಲ್ಲಿ ತೋರಿಸಿದರು. ಬೇಕಾಗುವ ಸುತ್ತುಗಳು ಲಾಗರಿದಂನ ಗತಿಯಲ್ಲಿ ಬೆಳೆಯುವುದರಿಂದ ಡೆಕ್ ಇಮ್ಮಡಿಯಾದರೂ ಸುಮಾರು ಒಂದೂವರೆ ಸುತ್ತು ಹೆಚ್ಚು ಸಾಕು. 60ಕ್ಕೆ ಏಳೆಂಟು ಸುತ್ತು ಧಾರಾಳ. ವಿಚಿತ್ರವೆಂದರೆ ಈ ಕೆಲಸಕ್ಕೆ ಕೈಯ ಒರಟುತನವೇ ಬೇಕು: ಒಂದೂ ತಪ್ಪದೆ ಎಲೆಗೆ ಎಲೆ ಹೆಣೆದರೆ, ಮೇಲಿನ ಎಲೆ ಮೇಲೇ ಉಳಿಯುವಂತೆ ನೋಡಿಕೊಂಡರೆ, ಎಂಟನೆಯ ಸುತ್ತಿಗೆ 52 ಎಲೆಗಳ ಕಟ್ಟು ಮೊದಲಿನ ಕ್ರಮಕ್ಕೇ ಮರಳಿಬಿಡುತ್ತದೆ.

ಮೇಜಿನ ಮೇಲೆ ಆರೇಳು ಗುಂಪುಗಳಾಗಿ ಒಂದೊಂದೇ ಕಾರ್ಡು ಹಾಕಿ ಮತ್ತೆ ಕೂಡಿಸುವ ರೂಢಿ ಬಹಳ ಮಂದಿಗಿದೆ. ನೋಡಲು ಶ್ರದ್ಧೆಯ ಕೆಲಸ, ಆದರೆ ಅದರಲ್ಲಿ ಆಕಸ್ಮಿಕದ ಅಂಶವೇ ಇಲ್ಲ. ಪ್ರತಿ ಕಾರ್ಡು ಎಲ್ಲಿಗೆ ಹೋಗುತ್ತದೆಂಬುದು ಮೊದಲೇ ನಿಶ್ಚಿತ. ಮ್ಯಾಜಿಕ್ ಸ್ಪರ್ಧಾ ನಿಯಮಗಳು ಅದಕ್ಕೆ ಅವಕಾಶ ಕೊಡುವುದು ಪಂದ್ಯದ ಆರಂಭದಲ್ಲಿ ಒಮ್ಮೆ, ಅದೂ ಎಣಿಕೆಗಾಗಿ. ಭೂಮಿ ಕಾರ್ಡುಗಳನ್ನು ನಡುನಡುವೆ ಸಮನಾಗಿ ಹಂಚಿ ನಂತರ ಕಲೆಸುವ ಅಭ್ಯಾಸವೂ ಹೀಗೆಯೇ. ಚೆನ್ನಾಗಿ ಕಲೆಸಿದರೆ ಆ ಹಂಚಿಕೆ ಅಳಿಸಿಹೋಗುತ್ತದೆ, ಶ್ರಮ ವ್ಯರ್ಥ. ಅಳಿಸಿಹೋಗದಿದ್ದರೆ ಅದು ಮೋಸ.

ಕಲೆಸುವಿಕೆಯನ್ನು ಕಾಯುವ ಪರಿಕರ ಪ್ಲಾಸ್ಟಿಕ್ ಕವಚ, ಆಟಗಾರರ ಮಾತಿನಲ್ಲಿ ಸ್ಲೀವ್. ಕಾರ್ಡಿನ ಅಳತೆ 63 ಮಿ.ಮೀ. ಅಗಲ, 88 ಮಿ.ಮೀ. ಎತ್ತರ, ಸಾಮಾನ್ಯ ಕವಚ ಸುಮಾರು 66 ಮತ್ತು 91. ಬೆಲೆಬಾಳುವ ಕಾರ್ಡನ್ನು ಸವೆತದಿಂದ ಉಳಿಸಲು ಇದನ್ನು ಕೊಳ್ಳುತ್ತಾರೆಂಬುದು ನಿಜವಾದರೂ ಆಟದ ದೃಷ್ಟಿಯಿಂದ ಅದರ ದೊಡ್ಡ ಕೆಲಸ ಎಲ್ಲ ಬೆನ್ನುಗಳನ್ನೂ ಒಂದೇ ಆಗಿಸುವುದು. ಮ್ಯಾಜಿಕ್‌ನ ಮೊಟ್ಟಮೊದಲ 'ಆಲ್ಫಾ' ಮುದ್ರಣದ ಕಾರ್ಡುಗಳ ಮೂಲೆಗಳು ನಂತರದವುಗಳಿಗಿಂತ ಹೆಚ್ಚು ದುಂಡಗಿವೆ. ಅಂಥದೊಂದು ಕವಚವಿಲ್ಲದೆ ಡೆಕ್ಕಿನಲ್ಲಿದ್ದರೆ ಬೆನ್ನು ನೋಡದೆ ಬೆರಳಲ್ಲೇ ಗುರುತಿಸಬಹುದು. 2011ರಲ್ಲಿ ಎರಡೂ ಬದಿಗೆ ಚಿತ್ರವಿರುವ ಕಾರ್ಡುಗಳು ಬಂದ ಮೇಲಂತೂ ಅಪಾರದರ್ಶಕ ಕವಚ ಬಹುಮಟ್ಟಿಗೆ ಅನಿವಾರ್ಯವಾಯಿತು. ಕವಚ ಪಾಲಿಪ್ರೊಪಿಲೀನ್‌ನದ್ದಾಗಿರುವುದು ಲೇಸು. ಪಿವಿಸಿಯನ್ನು ಮೆದುಗೊಳಿಸಲು ಬೆರೆಸುವ ರಾಸಾಯನಿಕಗಳು ವರ್ಷಗಳಲ್ಲಿ ಹೊರಸೂಸಿ ಮುದ್ರಣವನ್ನು ಕೆಡಿಸುತ್ತವೆ.

ಹೊಳೆಯುವ ಫಾಯಿಲ್ ಕಾರ್ಡುಗಳ ತೊಂದರೆ ಹವೆಯದು. ಕಾಗದದ ನಾರು ತೇವ ಹೀರಿ ಹಿಗ್ಗುತ್ತದೆ, ಮುಖದ ಮೇಲಿನ ಲೋಹಲೇಪಿತ ಪದರ ಹಿಗ್ಗುವುದಿಲ್ಲ. ಹೀಗಾಗಿ ಮಳೆಗಾಲದಲ್ಲಿ ಕಾರ್ಡು ಚಿತ್ರದ ಕಡೆಗೆ ಹಪ್ಪಳದಂತೆ ಬಾಗುತ್ತದೆ, ಒಣಹವೆಯಲ್ಲಿ ಬೆನ್ನಿನ ಕಡೆಗೆ. ಮಂಗಳೂರಿನ ಜುಲೈ ತಿಂಗಳಲ್ಲಿ ಇದಕ್ಕೆ ಪ್ರಯೋಗಾಲಯ ಬೇಕಿಲ್ಲ. ಬಾಗಿದ ಕಾರ್ಡು ಡೆಕ್ಕಿನಲ್ಲಿ ಸಂದು ಉಂಟುಮಾಡುತ್ತದೆ, ಡೆಕ್ ಕತ್ತರಿಸುವ ಕೈ ಅಲ್ಲಿಯೇ ನಿಲ್ಲುತ್ತದೆ. ಒಳಗೊಂದು ಬಿಗಿ ಕವಚ, ಹೊರಗೊಂದು ಸಾಮಾನ್ಯ ಕವಚ ತೊಡಿಸಿ, ಮುಚ್ಚಳ ಗಟ್ಟಿಯಾದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡುವುದು ಸಾಕಷ್ಟು ಪರಿಣಾಮಕಾರಿ.

ಉಳಿದ ಸಲಕರಣೆಗಳಲ್ಲಿ ಇಪ್ಪತ್ತು ಮುಖದ ದಾಳದ ಬಗ್ಗೆ ಒಂದು ಮಾತು ಹೇಳಬೇಕು. ಮ್ಯಾಜಿಕ್‌ನ ಕೆಲವು ಪೆಟ್ಟಿಗೆಗಳ ಜೊತೆ ಬರುವ, ಜೀವಾಂಕ ಎಣಿಸುವ ದಾಳದಲ್ಲಿ 20, 19, 18 ಹೀಗೆ ಅಂಕಿಗಳು ಪಕ್ಕಪಕ್ಕದಲ್ಲೇ ಇರುತ್ತವೆ, ಒಂದೊಂದೇ ಇಳಿಸಲು ಅನುಕೂಲವಾಗಲೆಂದು. ಉರುಳಿಸುವ ದಾಳದಲ್ಲಿ ಅವು ಚದುರಿರುತ್ತವೆ. ದೊಡ್ಡ ಅಂಕಿಗಳೆಲ್ಲ ಒಂದೇ ಬದಿಗೆ ಕೂಡಿರುವ ಎಣಿಕೆಯ ದಾಳವನ್ನು ಪಳಗಿದ ಕೈ ತನಗೆ ಬೇಕಾದ ಬದಿಗೆ ಬೀಳಿಸಬಲ್ಲದು. ಯಾರು ಮೊದಲು ಆಡಬೇಕೆಂದು ತೀರ್ಮಾನಿಸಲು ಅದನ್ನು ಬಳಸಬಾರದು. ರಬ್ಬರ್ ಹಾಸು, ಚಿತ್ರವಿರುವ ಪೆಟ್ಟಿಗೆ, ಗಾಜಿನ ಬಿಲ್ಲೆಗಳು ಅಂದಕ್ಕೂ ಅನುಕೂಲಕ್ಕೂ ಸರಿ, ಆಟ ಅವುಗಳಿಲ್ಲದೆಯೂ ನಡೆಯುತ್ತದೆ. ಹಣ ಹಾಕಬೇಕಾದದ್ದು ಕವಚಕ್ಕೆ, ಅದನ್ನೂ ಒಂದೇ ಬಣ್ಣದ, ಒಂದೇ ತಯಾರಿಕೆಯ, 60ಕ್ಕಿಂತ ನಾಲ್ಕಾರು ಹೆಚ್ಚಿರುವ ಕಟ್ಟಾಗಿ ಕೊಳ್ಳಬೇಕು. ಎಲ್ಲ ಕವಚಗಳೂ ಸವೆದ ಮೇಲೆ ಒಂದನ್ನಷ್ಟೇ ಬದಲಿಸಿದರೆ ಆ ಹೊಸತೇ ಗುರುತಾಗುತ್ತದೆ. ಆಗ 60ನ್ನೂ ಬದಲಿಸಬೇಕು.